ಒತ್ತಕ್ಷರದ ಗುಂಡು

ಹೈದರಾಬಾದಿನ ಗನ್‌ಫೌಂಡ್ರಿ ನಿಲ್ದಾಣದಲ್ಲಿ ಬಸ್ಸಿನಿಂದ ಇಳಿಯುವ ಯಾರಿಗೂ ಗನ್ನಿನ ಗೊಡವೆ ಇರುವುದಿಲ್ಲ. ಕೆಲವರು ಸ್ಟೇಟ್ ಬ್ಯಾಂಕಿಗೆ ಇಳಿಯುತ್ತಾರೆ, ಕೆಲವರು ಮಹಬೂಬಿಯಾ ಶಾಲೆಯಿಂದ ಮಗಳನ್ನು ಕರೆತರಲು. ಇನ್ನುಳಿದವರು ಲಾಲ್ ಬಹಾದ್ದೂರ್ ಸ್ಟೇಡಿಯಮ್ಮಿನ ಸುತ್ತಲಿನ ಅಂಗಡಿಗಳಲ್ಲಿ ಬ್ಯಾಟು ಬೂಟುಗಳ ಚೌಕಾಸಿಗೆ ಹೊರಟವರು. 1795ರಲ್ಲಿ ರೇಮಂಡ್ ಎಂಬ ಫ್ರೆಂಚ್ ಸರದಾರ ಎರಡನೇ ನಿಜಾಮನಿಗಾಗಿ ಇಲ್ಲಿ ತೋಪು ಎರಕ ಹೊಯ್ಯುವ ಕಾರ್ಖಾನೆ ಕಟ್ಟಿಸಿದ. ಜನ ಅದನ್ನು ತೋಪ್ ಕಾ ಸಾಂಚಾ ಎಂದರು. ಮೂರು ವರ್ಷಕ್ಕೆ ರೇಮಂಡ್ ತೀರಿಕೊಂಡ. ಅದೇ ವರ್ಷ ಇಂಗ್ಲಿಷರು ಅವನ ಪಡೆಯ ಕೈಯಿಂದ ಬಂದೂಕುಗಳನ್ನು ಇಳಿಸಿಕೊಂಡು ಮನೆಗೆ ಕಳಿಸಿದರು. ಕಾರ್ಖಾನೆಯ ಒಂದಿಷ್ಟು ಗೋಡೆ ಈಗಲೂ ಉಳಿದಿದೆ. ತೋಪು ಮಾಡಿಸಿದ ಆ ಪರದೇಶಿಯನ್ನು ಈ ಊರಿನ ಮುಸ್ಲಿಮರು ಮೂಸಾ ರಹೀಂ ಎಂದೂ ಹಿಂದೂಗಳು ಮೂಸಾ ರಾಮ್ ಎಂದೂ ಕರೆದು ಇಬ್ಬರೂ ತಮ್ಮವನನ್ನಾಗಿ ಮಾಡಿಕೊಂಡರು. ಹೈದರಾಬಾದಿನ ಗುಣವೇ ಅಂಥದು. ಇಲ್ಲಿ ಮದ್ದಿನ ಘಾಟು ಬೇಗ ಆರುತ್ತದೆ, ಚಹಾದ ಘಮ ಉಳಿಯುತ್ತದೆ.

ನಾನು ಕಂಡಂತೆ ಆ ನಿಲ್ದಾಣದ ಹೆಸರನ್ನು ಅಕ್ಷರಶಃ ನಂಬಿ, ಮದ್ದು ಗುಂಡಿಗಾಗಿಯೇ ಅಲ್ಲಿ ಇಳಿಯುತ್ತಿದ್ದವನು ಒಬ್ಬನೇ. ನಮ್ಮ ಕಾಕಾ.

ಕಾಕಾ ಲಿಂಗಸುಗೂರು ತಾಲೂಕಿನ ನಮ್ಮೂರಿನ ಪೊಲೀಸ್ ಪಾಟೀಲ. 1963ರ ಫೆಬ್ರುವರಿಯಲ್ಲಿ ಸರ್ಕಾರ ಊರ ಗೌಡಕಿ, ಕುಲಕರ್ಣಿಕೆಗಳನ್ನೆಲ್ಲ ರದ್ದು ಮಾಡಿತು. ಗೌಡಕಿ ಹೋಯಿತು, ಗೌಡಕಿಯ ಮೀಸೆ ಮತ್ತು 12 ಬೋರಿನ ಜೋಡುನಳಿಗೆಯ ಬಂದೂಕು ಉಳಿದವು. ನಮ್ಮದು ಲಿಂಗ ಕಟ್ಟಿದ ಮನೆ. ಮಾಂಸದ ಮಾತು ಹಾಗಿರಲಿ, ಚಿಗವ್ವನ ಒಲೆಯ ಹತ್ತಿರ ಸೋಮವಾರ ಉಳ್ಳಾಗಡ್ಡಿಯೂ ಸುಳಿಯುವಂತಿರಲಿಲ್ಲ. ಬಂದೂಕು ಇದ್ದದ್ದು ಜೋಳ, ಶೇಂಗಾದ ಹೊಲಕ್ಕೆ ಬೀಳುವ ಹಂದಿಗಳಿಗಾಗಿ. ಎಂದಾದರೂ ಒಂದು ಹಂದಿ ಬಿದ್ದರೆ ಅದು ಬೇರೆ ಕೇರಿಯ ಪಾಲಾಗುತ್ತಿತ್ತು. ಕಾಕಾ ಬಾವಿಯಲ್ಲಿ ಮುಳುಗಿ, ವಿಭೂತಿ ಹಚ್ಚಿಕೊಂಡು, ತಪ್ಪು ಮಾಡಿದ ಹುಡುಗನ ಮುಖ ಹೊತ್ತು ಹಿತ್ತಲ ಬಾಗಿಲಿಂದ ಒಳಗೆ ಬರುತ್ತಿದ್ದ. ಬಂದೂಕಿಗೆ ನಡುಮನೆಯ ಪ್ರವೇಶ ವರ್ಷಕ್ಕೊಮ್ಮೆ, ಖಂಡೆ ಪೂಜೆಯ ದಿನ ಮಾತ್ರ.

ಹೊಡೆದದ್ದನ್ನು ತಿನ್ನದ ಮನುಷ್ಯನಿಗೆ ಬೇಟೆಯಲ್ಲಿ ಉಳಿಯುವ ರುಚಿಯಾದರೂ ಏನು? ಕಾಕಾನಿಗೆ ಉಳಿದದ್ದು ತೋಟಾ. ಹೊತ್ತು ಹೋಗದಿದ್ದಾಗ ಉಳಿದ ಗೌಡರು ಎಲೆಪೆಟ್ಟಿಗೆ ತೆರೆಯುತ್ತಿದ್ದರು, ಈತ ತೋಟಾದ ಟ್ರಂಕು ತೆರೆಯುತ್ತಿದ್ದ.

ನಾನು ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಕೆಲಸ ಸಿಕ್ಕಿ ಹೈದರಾಬಾದಿಗೆ ಬಂದದ್ದು 1960ರ ದಶಕದ ಕೊನೆಯಲ್ಲಿ. ಕಾಚಿಗೂಡದಲ್ಲಿ ಕೋಣೆ ಹಿಡಿದೆ. ಅಲ್ಲಿ ಕನ್ನಡ ಕಿವಿಗೆ ಬೀಳುತ್ತಿತ್ತು, ನೃಪತುಂಗ ಶಾಲೆಯ ಹುಡುಗರು ಬೀದಿಯಲ್ಲಿ ಕನ್ನಡದಲ್ಲೇ ಜಗಳವಾಡುತ್ತಿದ್ದರು. ನನಗೆ ನೌಕರಿ ಸಿಕ್ಕಿದ್ದಕ್ಕೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಕಾಕಾ. ಇನ್ನು ಮೇಲೆ ಮದ್ದಿನಂಗಡಿಗೆ ಬಂದಾಗ ಇಳಿದುಕೊಳ್ಳಲು ಜಾಗವಾಯಿತಲ್ಲ! ರಾಯಚೂರಿನಲ್ಲಿ ರೈಲು ಹತ್ತಿ, ವಾಡಿ ಸುತ್ತಿ, ನಾಂಪಲ್ಲಿಯಲ್ಲಿ ಇಳಿದು ಬರುತ್ತಿದ್ದ. ಒಂದು ಕೈಯಲ್ಲಿ ಚಿಗವ್ವ ಕಟ್ಟಿದ ಕಟಕ ರೊಟ್ಟಿ, ಗುರೆಳ್ಳು ಪುಡಿಯ ಗಂಟು. ಇನ್ನೊಂದರಲ್ಲಿ ಲೈಸೆನ್ಸಿನ ಪುಸ್ತಕ. ರೊಟ್ಟಿ ನನ್ನ ಕೈಗೆ ಕೊಡುತ್ತಿದ್ದ, ಲೈಸೆನ್ಸನ್ನು ಮಲಗುವಾಗಲೂ ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ.

ಅಂಗಡಿ ಆಬಿಡ್ಸ್ ಕಡೆಯ ಒಂದು ಓಣಿಯಲ್ಲಿತ್ತು. ಅದರ ಸಾಹೇಬರು ಶೇರ್ವಾನಿಯ ಮೇಲಿನ ಗುಂಡಿಯನ್ನು ಬೇಸಿಗೆಯಲ್ಲೂ ಬಿಚ್ಚದ ಜಾತಿಯವರು. ಕಾಕಾ ನಿಜಾಮನ ಕಾಲದಲ್ಲಿ ಉರ್ದು ಶಾಲೆಯಲ್ಲಿ ಮಿಡಲ್ ಮಾಡಿದವನು. ಇಬ್ಬರ ಮಾತು ಇರಾನಿ ಚಹಾ ಮತ್ತು ಉಸ್ಮಾನಿಯಾ ಬಿಸ್ಕತ್ತಿನ ಜೊತೆ ಗಂಟೆಗಟ್ಟಲೆ ನಡೆಯುತ್ತಿತ್ತು. ವ್ಯಾಪಾರ ಕೊನೆಯ ಐದು ನಿಮಿಷದ್ದು. ಮೊದಲು ಆಡಿ ಮುಗಿಸಬೇಕಾದ ದುಃಖಗಳು ಬಹಳ ಇದ್ದವು. ಅವುಗಳಲ್ಲಿ ದೊಡ್ಡದು, ವಿಲಾಯತಿ ಮಾಲು ಬರದಿರುವುದು. ಏಲಿ ಕಂಪನಿಯ ತೋಟಾಗಳು ಒಂದು ಕಾಲಕ್ಕೆ ಬೇಕಾದಷ್ಟು ಸಿಗುತ್ತಿದ್ದುವಂತೆ. ಸ್ವಾತಂತ್ರ್ಯದ ನಂತರ ಆಮದಿನ ಬಾಗಿಲು ಸ್ವಲ್ಪಸ್ವಲ್ಪವೇ ಮುಚ್ಚಿತು. ಆಮೇಲೆ ಸಿಕ್ಕಿದ್ದು ಪುಣೆ ಹತ್ತಿರದ ಖಡ್ಕಿಯ ಸರ್ಕಾರಿ ಕಾರ್ಖಾನೆಯ ಮಾಲು. 1869ರಿಂದ ಸೈನ್ಯಕ್ಕೆ ತೋಟಾ ಮಾಡಿಕೊಡುತ್ತ ಬಂದ ಕಾರ್ಖಾನೆ ಅದು. ನಮ್ಮಂಥವರಿಗೆ ಶಕ್ತಿಮಾನ್ ಎಂಬ ಹೆಸರಿನಲ್ಲಿ ಕೊಡುತ್ತಿತ್ತು. ಸಾಹೇಬರು ಅದನ್ನು ಬಯ್ಯುತ್ತಿರಲಿಲ್ಲ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಮುಖವನ್ನು ಬೇರೆ ಕಡೆ ತಿರುಗಿಸುತ್ತಿದ್ದರು, ಅಷ್ಟೇ.

ಅದಾದರೂ ಸಿಗಬೇಕಲ್ಲ. ಬಂದರೂ ಎಲ್ಲ ನಂಬರಿನ ಛರ್ರಾ, ಅಂದರೆ ತೋಟಾದೊಳಗಿನ ಸೀಸದ ಕಾಳು, ಬರುತ್ತಿರಲಿಲ್ಲ. ಹಂದಿಗೆ ಬೇಕಾದದ್ದು ಎಲ್‌ಜಿ. ಔನ್ಸಿಗೆ ಆರೇ ಗುಂಡು ತೂಗುವ ದಪ್ಪ ಮಾಲು. ಅಂಗಡಿಯಲ್ಲಿ ಇರುತ್ತಿದ್ದದ್ದು 6ನೇ ನಂಬರು. ಔನ್ಸಿಗೆ 270 ಕಾಳು, ಗೌಜಲಕ್ಕಿಗೆ ಸಾಕು. "ಇದರಿಂದ ಹಂದಿಗಿ ಹೊಡದ್ರ ಅದಕ್ಕ ತುರಿಸಿದಂಗ ಆಗತೈತಿ, ಇನ್ನೊಂದು ಸಲ ಹೊಡಿ ಅಂತ ಬಂದು ನಿಲ್ಲತೈತಿ" ಎನ್ನುತ್ತಿದ್ದ ಕಾಕಾ. ಸಾಹೇಬರ ಗೋಡೆಯ ಮೇಲಿನ ಸ್ಥಿತಿ ಇನ್ನೂ ಘನವಾಗಿತ್ತು. ನವಾಬರುಗಳು ಮಾರಲು ಬಿಟ್ಟುಹೋದ ಭಾರಿ ಜೋಡುನಳಿಗೆಯ ರೈಫಲ್‌ಗಳು ಅಲ್ಲಿ ಸಾಲಾಗಿ ತೂಗುತ್ತಿದ್ದವು. ತೋಟಾ ಬಂಡಾಯಗಾರರಿಗೆ ಉಪಯೋಗಕ್ಕೆ ಬಂದೀತೆಂದು ಇಂಗ್ಲಿಷ್ ಸರ್ಕಾರ .450 ಅಳತೆಯ ರೈಫಲ್‌ಗಳನ್ನು ಹಿಂದೂಸ್ತಾನಕ್ಕೆ ತರದಂತೆ ತಡೆದಿತ್ತು. ಲಂಡನ್ನಿನ ಬಂದೂಕುಗಾರರು ಸುಮ್ಮನಿರುವವರೇ? ಕೂದಲೆಳೆ ಹೆಚ್ಚು ಮಾಡಿ .465, .470 ಎಂದು ಹೊಸ ಅಳತೆಗಳನ್ನೇ ಹುಟ್ಟಿಸಿ ಮಹಾರಾಜರಿಗೆ, ನವಾಬರಿಗೆ ಮಾರಿದರು. ಈಗ ವಿಲಾಯತಿಯ ಕೈನಾಕ್ ಕಂಪನಿ ಅವುಗಳ ತೋಟಾ ಮಾಡುವುದನ್ನೇ ಬಿಡತೊಡಗಿತ್ತು. ಬೆಳ್ಳಿಯ ಕೆತ್ತನೆ, ಆಕ್ರೋಟು ಮರದ ಹಿಡಿ, ಹುಲಿ ಬೀಳಿಸುವ ಶಕ್ತಿ, ಎಲ್ಲ ಇದ್ದು ಒಳಗೆ ಹಾಕಲು ಏನೂ ಇಲ್ಲ. ಸಾಹೇಬರು ಅವುಗಳ ಧೂಳು ಒರೆಸುತ್ತ, "ಬಂದೂಕ್ ಹೈ, ಗೋಲಿ ನಹೀಂ. ನವಾಬಿ ಹೈ, ಜಾಗೀರ್ ನಹೀಂ" ಎಂದಿದ್ದರು ಒಮ್ಮೆ. ಜಾಗೀರುಗಳು ರದ್ದಾದದ್ದು 1949ರ ಆಗಸ್ಟಿನಲ್ಲಿ. ಸಾಹೇಬರ ಲೆಕ್ಕದಲ್ಲಿ ಅದು ಹೋದ ವಾರದ ಸುದ್ದಿ. ಆರನೇ ನಿಜಾಮ ಮಹಬೂಬ್ ಅಲಿ ಪಾಷಾನ ಹುಲಿಬೇಟೆಯ ವಿಷಯಕ್ಕೆ ಬಂದರೆ, 1911ರಲ್ಲಿ ತೀರಿಕೊಂಡ ಆ ಪುಣ್ಯಾತ್ಮ ಪಕ್ಕದ ಓಣಿಯಲ್ಲಿ ಚಹಾ ಕುಡಿಯುತ್ತಿದ್ದಾನೆ ಅನ್ನಿಸಬೇಕು, ಹಾಗೆ ಹೇಳುತ್ತಿದ್ದರು.

ಹೀಗೆ ಮಾಲು ಸಿಗದ ಕಾರಣಕ್ಕೆ ಕಾಕಾ ತೋಟಾ ಭರ್ತಿಗೆ ಇಳಿದದ್ದು. ಭರ್ಮಾರ್ ಬಂದೂಕಿನ ಕಾಲದಿಂದ ಮದ್ದು ತುಂಬಿದ ಮನೆತನ ನಮ್ಮದು, ಅದನ್ನೇ ಹಿತ್ತಾಳೆಯ ಕೊಳವೆಯೊಳಗೆ ಮಾಡುವುದು, ಅಷ್ಟೇ ಎಂಬುದು ಅವನ ವಾದ. ಕಾಗದದ ಖಾಲಿ ತೋಟಾ ಒಂದೆರಡು ಸಲಕ್ಕೆ ಬಾಯಿ ಬಿಡುತ್ತದೆ; ಹಿತ್ತಾಳೆಯದು ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಅಂಥ ಒಂದು ಟ್ರಂಕು ಖಾಲಿ ತೋಟಾ ಅವನ ಹತ್ತಿರ ಇದ್ದವು, ಹುಣಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ ದೇವರ ಸಾಮಾನಿಗೆ ಸಮನಾಗಿದ್ದವು. ತಳದಲ್ಲಿ ಕಿಡಿ ಹೊತ್ತಿಸುವ ಹಳೆಯ ಟೋಪಿಯನ್ನು ಮೊಳೆಯಿಂದ ಹೊರದೂಡಿ ಹೊಸ ಟೋಪಿ ಒತ್ತಬೇಕು. ಮೇಲೆ ಕರಿಮದ್ದು. ಇದರ ಅಳತೆಗೆ ಕಾಕಾನ ಬಳಿ ಒಂದು ಹಿತ್ತಾಳೆಯ ಕುಡಿಕೆ ಇತ್ತು. ಮೂರು ಡ್ರಾಮ್, ಬಾಣಂತಿಗೆ ಔಷಧಿ ಅಳೆಯುವ ಸೂಲಗಿತ್ತಿಯ ಹಾಗೆ ಕಣ್ಣಿನ ಮಟ್ಟಕ್ಕೆ ಎತ್ತಿ, ಉಸಿರು ಹಿಡಿದು ಅಳೆಯುತ್ತಿದ್ದ. ಹೊಗೆ ಬರದ ಹೊಸ ನಮೂನೆಯ ಮದ್ದನ್ನು ಇದೇ ಕುಡಿಕೆಯಲ್ಲಿ ತುಂಬಿದವರ ನಳಿಗೆ ಸೀಳಿ ಬೆರಳು ಹೋದ ಕಥೆಗಳನ್ನು ಆ ಹೊತ್ತಿಗೆ ಸರಿಯಾಗಿ ನನಗೆ ಹೇಳುತ್ತಿದ್ದ. ಮದ್ದಿನ ಮೇಲೆ ರಟ್ಟಿನ ಬಿಲ್ಲೆ, ಅದರ ಮೇಲೆ ಉಣ್ಣೆಯ ದಪ್ಪ ಬಿಲ್ಲೆ, ಆಮೇಲೆ ಛರ್ರಾ, ಕೊನೆಗೆ ಮತ್ತೊಂದು ರಟ್ಟು.

ಉಣ್ಣೆಯ ಬಿಲ್ಲೆಯನ್ನು ಹರಿದ ಕಂಬಳಿಯಿಂದ ಕತ್ತರಿಸುತ್ತಿದ್ದ. ವಿಲಾಯತಿಯವರು ಅದನ್ನು ಪ್ರಾಣಿಯ ಕೊಬ್ಬಿನಲ್ಲಿ ಅದ್ದುತ್ತಾರಂತೆ. ನಮ್ಮ ಮನೆಯಲ್ಲಿ ಜೇನುಮೇಣ ಮತ್ತು ಔಡಲೆಣ್ಣೆ. ಹಂದಿ ಹೊಡೆಯುವ ತೋಟಾವೂ ಶುದ್ಧ ಸಸ್ಯಾಹಾರಿ! ರಟ್ಟಿಗೆ ಮದುವೆಯ ಪತ್ರಿಕೆಗಳು. ಅಷ್ಟು ಗಟ್ಟಿ ಕಾಗದ ಊರಲ್ಲಿ ಇನ್ನೆಲ್ಲಿ ಸಿಗಬೇಕು? ಮೂಲೆಯ ಅರಿಷಿಣ ಬಿಟ್ಟು ಉಳಿದದ್ದನ್ನು ದುಂಡಗೆ ಪಂಚು ಹೊಡೆಯುತ್ತಿದ್ದ. ತೋಟಾದ ಬಾಯಲ್ಲಿ ಒಮ್ಮೊಮ್ಮೆ 'ಚಿ.ಸೌ.' ಎಂದೋ, 'ತಮ್ಮ ಆಗಮನಾ' ಎಂದೋ ಕಾಣುತ್ತಿತ್ತು. ಚಿಗವ್ವ ಒಂದು ದಿನ ಬಗ್ಗಿ ನೋಡಿ ಹೌಹಾರಿದಳು. "ಯಾರ ಮದುವಿ ಹಾರಸಾಕ ಹತ್ತೀರಿ ಅದು?" ಆಮೇಲೆ ಎಷ್ಟೋ ದಿನ ಆ ದಂಪತಿಗಳು ಕೂಡಿ ಇದ್ದಾರೋ ಇಲ್ಲವೋ ಎಂದು ಬಂದುಹೋದವರನ್ನು ವಿಚಾರಿಸುತ್ತಿದ್ದಳು. ಅವಳ ಸಮಾಧಾನಕ್ಕೆ ಕಾಕಾ ಚುನಾವಣೆಯ ಕರಪತ್ರ ಬಳಸಿ ನೋಡಿದ. ಬಹಳ ತೆಳು, ಒತ್ತಡ ತಡೆಯುವುದಿಲ್ಲ ಎಂದು ತಿರುಗಿ ಮದುವೆಗೇ ಬಂದ.

ಇನ್ನು ಸೀಸ. 12 ಬೋರು ಎಂದರೆ, ಒಂದು ರತ್ತಲು ಸೀಸದಲ್ಲಿ ಸಮನಾದ ಹನ್ನೆರಡು ಗುಂಡು ಮಾಡಿದರೆ ಅದರಲ್ಲಿ ಒಂದು ಈ ನಳಿಗೆಯಲ್ಲಿ ಸರಿಯಾಗಿ ಕೂಡುತ್ತದೆ ಎಂದರ್ಥ. ಕಾಕಾ ಇದನ್ನು ಹೇಳಿಕೊಟ್ಟಾಗ ನನಗೆ ಆದ ಆನಂದ ಪೈಥಾಗೊರಸನ ಪ್ರಮೇಯದಲ್ಲೂ ಆಗಿರಲಿಲ್ಲ. ಮೀನುಬಲೆಯ ಮಣಿ, ಹಳೆಯ ಕೊಳಾಯಿಯ ತುಂಡು, ಏನೆಲ್ಲ ಕರಗಿಸಿದ. ಬರಿ ಸೀಸ ಮೆತ್ತಗೆ, ನಳಿಗೆಯಲ್ಲಿ ಉಜ್ಜಿ ಚಪ್ಪಟೆಯಾಗುತ್ತದೆ, ಚಪ್ಪಟೆಯಾದದ್ದು ಗುರಿ ಬಿಟ್ಟು ಓಡುತ್ತದೆ ಎಂಬ ಕೊರಗು ಇದ್ದೇ ಇತ್ತು. ಆಗ ಸಾಹೇಬರು ಉಪಾಯ ಹೇಳಿದರು: ಅಚ್ಚಿನ ಮೊಳೆ. ಮುದ್ರಣಾಲಯದ ಮೊಳೆಯಲ್ಲಿ ಸೀಸದ ಜೊತೆ ತವರ, ಆಂಟಿಮನಿ ಇರುತ್ತದೆ, ಗುಂಡು ಗಟ್ಟಿಯಾಗುತ್ತದೆ. ನನಗೆ ಪರಿಚಯವಿದ್ದ ಒಂದು ಸಣ್ಣ ಕನ್ನಡ ಛಾಪಖಾನೆಯಲ್ಲಿ ಸವೆದ ಮೊಳೆಗಳನ್ನು ತೂಕಕ್ಕೆ ಹಾಕುತ್ತಿದ್ದರು. ಕಾಕಾ ಒಂದು ಚೀಲ ಕೊಂಡುಕೊಂಡು ಬಂದು ನನ್ನ ಕೋಣೆಯ ಚಾಪೆಯ ಮೇಲೆ ಸುರಿದ.

ಆ ರಾತ್ರಿ ಅವನು ಮಲಗಲಿಲ್ಲ. ಕನ್ನಡಕ ಮೂಗಿನ ತುದಿಗೆ ತಂದು ಒಂದೊಂದೇ ಮೊಳೆ ಎತ್ತಿ ದೀಪಕ್ಕೆ ಹಿಡಿಯುತ್ತಿದ್ದ. ತಿರುವುಮುರುವಾದ ಅಕ್ಷರ ಓದಲು ನಾನು ತಿಣುಕುತ್ತಿದ್ದರೆ ಅವನಿಗೆ ಸಲೀಸು. "ನಾವು ಉರ್ದು ಕಲತವ್ರು ತಮ್ಮಾ, ಬಲದಿಂದ ಎಡಕ್ಕ ಓದೋದು ನಮಗೇನು ಹೊಸದಲ್ಲ." ಶಾಲೆಯಲ್ಲಿ ಸಿಗದ ಕನ್ನಡವನ್ನು ಅವನು ಕಲಿತದ್ದು ಮಠದ ಅಯ್ಯನವರಿಂದ, ಸಂಜೆ ಹೊತ್ತು, ಮರಳಿನ ಮೇಲೆ ಬೆರಳಿಂದ ತಿದ್ದಿ. ಅದಕ್ಕೇ ಇರಬೇಕು, ಯಾವ ಅಕ್ಷರವನ್ನೂ ಸುಮ್ಮನೆ ಕುಲುಮೆಗೆ ಹಾಕಲು ಅವನ ಕೈ ಏಳಲಿಲ್ಲ. ಬೆಳಗಿನ ಹೊತ್ತಿಗೆ ಚಾಪೆಯ ಮೇಲೆ ಗುಂಪುಗಳಾಗಿದ್ದವು. ಓಂ ಮತ್ತು ಶ್ರೀ ಒಂದು ಬಿಳಿ ವಸ್ತ್ರದಲ್ಲಿ, ಅವನ್ನು ಕರಗಿಸುವ ಪ್ರಶ್ನೆಯೇ ಇಲ್ಲ. ಸ್ವರಗಳನ್ನು ಬಿಡೋಣ, ಪಾಪ, ಅವು ಇಲ್ಲದೆ ಬಾಯಿ ತೆರೆಯಲು ಆಗುವುದಿಲ್ಲ. ಮೊದಲು ಹೋಗತಕ್ಕವರು ಯಾರು? ಬಹಳ ಯೋಚಿಸಿ ಙ ಮತ್ತು ಞ ಗಳನ್ನು ಮುಂದೆ ದೂಡಿದ. "ಇಷ್ಟು ವರ್ಷ ಕುಂತು ಉಂಡಾವ, ಒಂದು ಕೆಲಸ ಮಾಡಲಿ." ಅವುಗಳ ಹಿಂದೆ ೠ, ಅದರ ಹಿಂದೆ ಒತ್ತಕ್ಷರಗಳ ದೊಡ್ಡ ದಂಡು. ಒತ್ತು ಎಂದ ಮೇಲೆ ಹೊಡೆಯುವ ಸ್ವಭಾವ ಇದ್ದೇ ಇರುತ್ತದೆ ಎಂಬುದು ಅವನ ಅಂದಾಜು.

ಊರಿಗೆ ಹೋಗಿ ಗುಂಡು ಎರಕ ಹೊಯ್ದ. ದೊಡ್ಡ ಗುಂಡು ಸಾಂಚಾದಲ್ಲಿ ಸರಿ ಬಂತು. ಸಣ್ಣ ಛರ್ರಾದ್ದೇ ತೊಂದರೆ. ಜಾಲರಿ ಹುಟ್ಟಿನಿಂದ ನೀರಿಗೆ ಸುರಿದರೆ ಬಾಲ ಬಂದು ಗೊದಮೊಟ್ಟೆಯಾಗುತ್ತಿತ್ತು. ಎತ್ತರದಿಂದ ಬೀಳಿಸಿದರೆ ಗಾಳಿಯಲ್ಲೇ ದುಂಡಗಾಗುತ್ತದೆ ಎಂದು ಯಾರೋ ಹೇಳಿದ್ದರು. ಸುಳ್ಳಲ್ಲ. 1782ರಲ್ಲಿ ಬ್ರಿಸ್ಟಲ್ ಊರಿನ ವಿಲಿಯಂ ವಾಟ್ಸ್ ಎಂಬ ಕೊಳಾಯಿ ಕೆಲಸದವನು ಇದೇ ಯುಕ್ತಿಗೆ ಪೇಟೆಂಟ್ ಪಡೆದ. ಅದಕ್ಕಾಗಿ ತನ್ನ ಮನೆಯ ಮೇಲೆ ಗೋಪುರ ಏರಿಸಿದ, ಕೆಳಗೆ ಬಾವಿ ತೋಡಿದ. ಕಾಕಾನಿಗೆ ಗೋಪುರ ಕಟ್ಟುವ ಶಕ್ತಿ ಇರಲಿಲ್ಲ, ಬಾವಿ ಹೇಗೂ ಇತ್ತು. ಹೊಲದ ಬಾವಿಯ ಕಟ್ಟೆಯ ಮೇಲೆ ನಿಂತು, ಕಾದ ಸೀಸವನ್ನು ಜಾಲರಿಯಲ್ಲಿ ಹಿಡಿದು, ಕನ್ನಡದ ಒತ್ತಕ್ಷರಗಳನ್ನು ಪಾತಾಳಕ್ಕೆ ಸುರಿದ. ಚುಂಯ್ ಎಂಬ ಸದ್ದು ಬಂತು. ಛರ್ರಾ ದುಂಡಗಾಯಿತೋ ಇಲ್ಲವೋ ತಿಳಿಯಲು ಬೇಸಿಗೆಯಲ್ಲಿ ಹೂಳೆತ್ತುವವರೆಗೆ ಕಾಯಬೇಕಾಯಿತು. ಆ ವರ್ಷದ ಹೂಳಿನಲ್ಲಿ ಸಿಕ್ಕ ಛರ್ರಾಗಳಲ್ಲಿ ಅರ್ಧ ದುಂಡಗಿದ್ದವು, ಅರ್ಧ ಕಣ್ಣೀರಿನ ಆಕಾರದಲ್ಲಿದ್ದವು. ಎತ್ತುಗಳಿಗೆ ಆ ನೀರು ಕುಡಿಸಬಾರದೆಂದು ಚಿಗವ್ವ ಹುಯಿಲಿಟ್ಟಳು. ಅವಳ ಮಾತೇ ಸರಿ, ಸೀಸ ವಿಷ.

ಇಷ್ಟಾದ ಮೇಲೆ ಪರೀಕ್ಷೆ. 40 ಗಜ ದೂರಕ್ಕೆ ಹಳೆಯ ಪತ್ರಿಕೆಯ ಹಾಳೆಗಳನ್ನು ಅಂಟಿಸಿದ ಬಿದಿರ ತಟ್ಟಿ. ಗುಂಡು ಹಾರಿಸಿ, 30 ಅಂಗುಲದ ವೃತ್ತ ಎಳೆದು, ಒಳಗೆ ಬಿದ್ದ ತೂತುಗಳನ್ನು ಎಣಿಸಬೇಕು. ಬಿಗಿದ ಬಾಯಿಯ ಎಡನಳಿಗೆ ನೂರಕ್ಕೆ 70 ಕಾಳನ್ನು ವೃತ್ತದೊಳಗೆ ಇಡಬೇಕು. ಸಡಿಲ ಬಾಯಿಯ ಬಲನಳಿಗೆಗೆ 40 ಬಂದರೂ ಪಾಸು. ರಜೆಗೆ ಹೋದಾಗ ತೂತು ಎಣಿಸುವ ಕೆಲಸ ನನ್ನದು, ಲೆಕ್ಕಪತ್ರ ಕಚೇರಿಯ ನೌಕರ ಎಂಬ ಕಾರಣಕ್ಕೆ. ಎಣಿಸಿ ಮುಗಿದ ಹಾಳೆಯನ್ನು ಕಾಕಾ ಎಸೆಯುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಅದನ್ನೇ ಓದುತ್ತಿದ್ದ, ತೂತು ಬಿದ್ದಲ್ಲಿ ತನ್ನದೇ ಶಬ್ದ ಹಾಕಿಕೊಂಡು. ಹೀಗೆ ಓದಿದ ಮಂತ್ರಿಗಳ ಭಾಷಣ ಮೂಲಕ್ಕಿಂತ ಚೆನ್ನಾಗಿರುತ್ತಿತ್ತು.

ಇಷ್ಟೊಂದು ನಿಗಾ ಯಾಕೆ ಎಂದು ಕೇಳುವ ಧೈರ್ಯ ನನಗೆ ಬಹಳ ವರ್ಷ ಆಗಿರಲಿಲ್ಲ. ಚಿಗವ್ವನೇ ಹೇಳಿದಳು. ಅವಳು ಮದುವೆಯಾಗಿ ಬಂದ ಹೊಸತರಲ್ಲಿ, ಇನ್ನೂ ನಿಜಾಮನ ರಾಜ್ಯ ಇದ್ದಾಗ, ಯಾರೋ ಅಧಿಕಾರಿ ಬಂದನೆಂದು ಕಾಕಾ ಎರೆ ಹೊಲದಲ್ಲಿ ಚಿಗರಿಗೆ ಗುರಿ ಇಟ್ಟನಂತೆ. ಮಳೆಗಾಲ ಕಂಡ ಹಳೆಯ ತೋಟಾ. ಮದ್ದು ಅರ್ಧ ಉರಿಯಿತು, ಛರ್ರಾ ಅರ್ಧ ಜೋರಿನಲ್ಲಿ ಹೋಯಿತು. ಚಿಗರಿ ಬೀಳಲಿಲ್ಲ. ಹಿಂಗಾಲು ಎಳೆಯುತ್ತ ಓಡಿತು. ಅಧಿಕಾರಿ ಊಟಕ್ಕೆ ಹೋದ. ಕಾಕಾ ಅದರ ಹಿಂದೆ ಹೋದ. ಕತ್ತಲಾಗುವವರೆಗೆ ರಕ್ತದ ಹನಿ ಹುಡುಕುತ್ತ ಕಪ್ಪು ನೆಲದಲ್ಲಿ ನಡೆದ. ಕಪ್ಪು ನೆಲದಲ್ಲಿ ಕೆಂಪು ಕಾಣುವುದಿಲ್ಲ. ಮರುದಿನವೂ ಹೋದ, ಅದರ ಮರುದಿನವೂ. ಸಿಗಲಿಲ್ಲ. "ಅವತ್ತಿಂದ ಕೆಟ್ಟ ತೋಟಾ ಅಂದ್ರ ಅವರಿಗಿ ಮೈಮ್ಯಾಲೆ ಬರತೈತಿ" ಎಂದಳು.

ಗುಂಡಿನ ಗುಣದ ಚರ್ಚೆಯೆಲ್ಲ ಕೊನೆಗೆ ನಿಲ್ಲುವುದು ಇಲ್ಲೇ ಎಂದು ಈಗ ಅನ್ನಿಸುತ್ತದೆ. ಕಲ್ಕತ್ತೆಯ ಹತ್ತಿರದ ಡಂಡಂ ಕಾರ್ಖಾನೆಯಲ್ಲಿ 1890ರ ದಶಕದಲ್ಲಿ ಮೂತಿಯ ಸೀಸವನ್ನು ಬಯಲಿಗೆ ಬಿಟ್ಟ ಗುಂಡು ತಯಾರಾಯಿತು. ಮೈಗೆ ತಾಗಿದ ಕೂಡಲೇ ಅಣಬೆಯಾಗಿ ಅರಳುತ್ತದೆ. ಬಹಳ ಕ್ರೂರ, ಯುದ್ಧದಲ್ಲಿ ಮನುಷ್ಯರ ಮೇಲೆ ಬಳಸಬಾರದು ಎಂದು 1899ರಲ್ಲಿ ಹೇಗ್ ನಗರದಲ್ಲಿ ದೇಶದೇಶಗಳು ಸೇರಿ ತೀರ್ಮಾನ ಮಾಡಿದವು. ಅದೇ ಬಗೆಯ ಗುಂಡನ್ನು ಶಿಕಾರಿಗಳು ದಯೆಯ ಗುಂಡು ಎನ್ನುತ್ತಾರೆ. ಪ್ರಾಣಿ ನರಳದೆ ಅಲ್ಲೇ ಬೀಳುತ್ತದಲ್ಲ. ನಮ್ಮ ಹೈದರಾಬಾದ್ ಸಂಸ್ಥಾನದಲ್ಲೇ 1931-32ರಲ್ಲಿ ಸಲೀಂ ಅಲಿ ಪಕ್ಷಿ ಸಮೀಕ್ಷೆ ನಡೆಸಿದರು. ಆಗಿನ ಪಕ್ಷಿತಜ್ಞರು ಬೈನಾಕ್ಯುಲರಿನ ಜೊತೆ ಬಂದೂಕನ್ನೂ ಒಯ್ಯುತ್ತಿದ್ದರು. ಸಣ್ಣ ಹಕ್ಕಿಯ ಗರಿ ಕೆಡದಿರಲೆಂದು ಧೂಳಿನಷ್ಟು ಸಣ್ಣ ಛರ್ರಾ ಬಳಸುತ್ತಿದ್ದರು. ಕೊಲ್ಲುವುದರಲ್ಲೂ ಒಂದು ಮರ್ಯಾದೆ ಹುಡುಕುವ ಮನುಷ್ಯನ ಈ ಚಟಕ್ಕೆ ನಗಬೇಕೋ, ಮರುಗಬೇಕೋ, ನನಗಿನ್ನೂ ಬಗೆಹರಿದಿಲ್ಲ.

ಅಂತೂ ಕಾಕಾನ ತೋಟಾ ವರ್ಷದಿಂದ ವರ್ಷಕ್ಕೆ ಉತ್ತಮವಾಗುತ್ತ ಹೋಯಿತು. ಉತ್ತಮವಾದಷ್ಟೂ ಹಾರಿಸಲು ಮನಸ್ಸು ಬಾರದಾಯಿತು. ಬಿಳಿಜೋಳ ಹಾಲುಗಟ್ಟಿದ ಚಳಿಗಾಲದ ರಾತ್ರಿ ಹೊಲದ ಅಟ್ಟದ ಮೇಲೆ ಅವನ ಜೊತೆ ಕೂತದ್ದು ನೆನಪಿದೆ. ಕೆಳಗೆ ಸೀತನಿ ಸುಟ್ಟ ಬೂದಿಯ ಬಿಸಿ, ದೂರದಲ್ಲಿ ಹಟ್ಟಿ ಚಿನ್ನದ ಗಣಿಯ ದೀಪಗಳು. ಜೋಳದ ದಂಟು ಮುರಿಯುವ ಸದ್ದು ಬಂತು. ಕಾಕಾ ಬಂದೂಕು ಎತ್ತಿದ. ಎತ್ತಿದವನು ಕಿವಿಯ ಹತ್ತಿರ ಬಂದು ಲೆಕ್ಕ ಶುರು ಮಾಡಿದ. ಟೋಪಿ ಇಷ್ಟು, ಮದ್ದು ಇಷ್ಟು, ಹೈದರಾಬಾದಿನ ರೈಲು ಖರ್ಚು ಇಷ್ಟು, ಅಕ್ಷರಗಳ ಬೆಲೆ ಬೇರೆ. ಹಂದಿ ತಿನ್ನುವ ಜೋಳ ಎಷ್ಟು ಸೇರು ಇದ್ದೀತು? "ನೀನು ಆಫೀಸಿನವ, ಹೇಳು." ನಾನು ಮನಸ್ಸಿನಲ್ಲೇ ಕೂಡಿ ಕಳೆಯುವಷ್ಟರಲ್ಲಿ ಹಂದಿಗಳು ಊಟ ಮುಗಿಸಿ ಪಕ್ಕದ ಹೊಲಕ್ಕೆ ಹೊರಟಿದ್ದವು. ಆಗ ಕಾಕಾ ನಿಧಾನವಾಗಿ ಬಂದೂಕು ಕೆಳಗಿಟ್ಟು, ತಲೆಯ ಹತ್ತಿರ ತೂಗುಹಾಕಿದ್ದ ಸೀಮೆಎಣ್ಣೆಯ ಖಾಲಿ ಡಬ್ಬಿಯನ್ನು ಕೋಲಿನಿಂದ ಢಣಢಣ ಬಡಿದ. ಅವನ ಮುಖದಲ್ಲಿ ಗೆದ್ದವನ ಕಳೆ ಇತ್ತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಚಿಗರಿ, ಎರೆಭೂತ ಹಕ್ಕಿ, ಎಲ್ಲವೂ ಪಟ್ಟಿಯೊಳಗೆ ಸೇರಿದವು. ಊರಿನ ಉಳಿದ ಬಂದೂಕಿನವರು ಗೊಣಗಿದರು. ಕಾಕಾ ಮಾತ್ರ ಕಾಯ್ದೆಯ ಸುದ್ದಿ ಇದ್ದ ಪತ್ರಿಕೆಯನ್ನು ತಟ್ಟಿಗೆ ಅಂಟಿಸದೆ ಟ್ರಂಕಿನಲ್ಲಿ ಇಟ್ಟ. ಬಂದೂಕಿಗೆ ಆಮೇಲೆ ಉಳಿದ ಸವಾರಿ ಎಂದರೆ ಚುನಾವಣೆಯದು. ಪ್ರತಿ ಚುನಾವಣೆಗೂ ಅದನ್ನು ಠಾಣೆಯಲ್ಲಿ ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಳ್ಳಬೇಕು. ವಿಧಾನಸಭೆ, ಲೋಕಸಭೆ, ಪಂಚಾಯಿತಿ ಎಂದು ಅದು ಕಾಡಿಗಿಂತ ಠಾಣೆಗೇ ಹೆಚ್ಚು ಸಲ ಹೋಗಿಬಂತು. ಲೈಸೆನ್ಸಿಲ್ಲದೆ ಮನೆಯಲ್ಲಿ ತೋಟಾ ತಯಾರಿಸಬಾರದೆಂದು ಆಯುಧ ಕಾಯ್ದೆ ಹೇಳುತ್ತದೆ ಎಂದು ಒಬ್ಬ ಫೌಜದಾರರು ತಿಳಿಹೇಳಿದ ಮೇಲೆ ಭರ್ತಿಯ ಕೆಲಸವನ್ನೂ ಬಿಟ್ಟ. ಹೈದರಾಬಾದಿಗೆ ಬರುವುದನ್ನು ಬಿಡಲಿಲ್ಲ. ಸಾಹೇಬರ ಅಂಗಡಿಯಲ್ಲಿ ಕೂತು, ಏನೂ ಕೊಳ್ಳದೆ, ಚಹಾ ಕುಡಿದು ಬರುತ್ತಿದ್ದ. ಸಾಹೇಬರೂ ಏನೂ ಮಾರುತ್ತಿರಲಿಲ್ಲ. ಒಮ್ಮೆ ನಾನೂ ಜೊತೆಗಿದ್ದೆ. ಇಬ್ಬರೂ 6ನೇ ನಂಬರು ದೊಡ್ಡದೋ 4ನೇ ನಂಬರು ದೊಡ್ಡದೋ ಎಂದು, ಉತ್ತರ ಗೊತ್ತಿದ್ದೂ, ಬಹಳ ಹೊತ್ತು ಜಗಳವಾಡಿದರು.

ಕಾಕಾ ತೀರಿಕೊಂಡ ಸುದ್ದಿ ಹೇಳಲು ನಾನೇ ಆ ಅಂಗಡಿಗೆ ಹೋದೆ. ಸಾಹೇಬರು ಅದಾಗಲೇ ಹೋಗಿ ಕೆಲವು ತಿಂಗಳಾಗಿತ್ತು. ಯಾರೂ ಯಾರಿಗೂ ತಿಳಿಸಿರಲಿಲ್ಲ. ಮಗ ಕೂತಿದ್ದ. ಸ್ಪರ್ಧೆಗೆ ಹೋಗುವ ಹುಡುಗರಿಗೆ ಏರ್ ರೈಫಲ್, ಹಾರುವ ಮಣ್ಣಿನ ಬಿಲ್ಲೆಗೆ ಹೊಡೆಯುವ 24 ಗ್ರಾಮಿನ ತೋಟಾ ಎಂದು ವ್ಯಾಪಾರ ಬೇರೆ ದಾರಿ ಹಿಡಿದಿತ್ತು. ಗೋಡೆಯ ಮೇಲೆ ನವಾಬಿ ರೈಫಲ್ ಒಂದೂ ಇರಲಿಲ್ಲ. ಹುಡುಗ ಒಳ್ಳೆಯವನು, ಚಹಾ ತರಿಸಿದ. ಕಾಗದದ ಲೋಟದಲ್ಲಿ.

ಬಂದೂಕನ್ನು ಠಾಣೆಗೆ ಒಪ್ಪಿಸುವ ದಿನ ಊರಿಗೆ ಹೋಗಿದ್ದೆ. ಚಿಕ್ಕ ವಯಸ್ಸಿನ ಪೇದೆಯೊಬ್ಬ ಪಂಚನಾಮೆ ಬರೆಯಲು ಮನೆಗೆ ಬಂದಿದ್ದ. ಟ್ರಂಕು ತೆರೆದರೆ ಹಳೆಯ ಹಿತ್ತಾಳೆ ತೋಟಾಗಳ ಸಾಲು, ಒಂದೊಂದರ ಬಾಯಲ್ಲೂ ಒಂದೊಂದು ಮದುವೆ. ಪಕ್ಕದಲ್ಲಿ ಬಿಳಿ ವಸ್ತ್ರದ ಗಂಟು. ಬಿಚ್ಚಿದ ಪೇದೆ ಓಂ, ಶ್ರೀಗಳನ್ನು ಅಂಗೈಯಲ್ಲಿ ಹಿಡಿದು ಇದೇನು ಎಂಬಂತೆ ನನ್ನ ಮುಖ ನೋಡಿದ. ಇವು ಆಯುಧ ಅಲ್ಲ ಎಂದೆ. ಗಂಟು ಕಟ್ಟಿ ಚಿಗವ್ವನ ಕೈಗೆ ಕೊಟ್ಟ. ಆಮೇಲೆ ಪೆನ್ನು ಎತ್ತಿ ತೋಟಾಗಳನ್ನು ತಿರುವಿ ನೋಡಿದ.

"ಯಾವ ಕಂಪನಿದವು ಅಂತ ಬರೀಲಿ ಅವ್ವಾರ?"

"ಅವರ ಕೈಯಾಗಿನವು ಅಂತ ಬರಿಯಪ್ಪಾ" ಎಂದಳು ಚಿಗವ್ವ.

ಅವನು ಸ್ವಲ್ಪ ತಡೆದು, ಏನೋ ಬರೆದ. ರೈತರ ಮನೆಯ ಹುಡುಗನಿರಬೇಕು, ಎದ್ದು ಹೋಗುವ ಮುಂಚೆ ಧ್ವನಿ ಇಳಿಸಿ ಕೇಳಿದ: "ನಮ್ಮ ಶೇಂಗಾಕ್ಕೂ ಈ ವರ್ಷ ಹಂದಿ ಕಾಟ ಭಾಳ ಆಗೈತ್ರಿ. ಗೌಡ್ರು ಹಂದಿ ಬಂದ್ರ ಎಷ್ಟು ನಂಬರಿಂದು ಹಾಕತಿದ್ರು?"

"ಡಬ್ಬಿ ಬಡೀತಿದ್ರು" ಎಂದಳು ಚಿಗವ್ವ.